ಜೀನ್‌ಗಳಿಗೆ ಚಾಲನೆ ಕೊಡುವ ಸಹಾಯಕರು: ಸಹ-ಸಕ್ರಿಯಕ ಪ್ರೋಟೀನ್‌ಗಳು ಎಂದರೇನು?

ಸ್ತನ ಕ್ಯಾನ್ಸರ್‌ಗೆ ಶಸ್ತ್ರಚಿಕಿತ್ಸೆ ಆದ ಅನೇಕ ಮಹಿಳೆಯರಿಗೆ ವೈದ್ಯರು ಟ್ಯಾಮಾಕ್ಸಿಫೆನ್ ಎಂಬ ಮಾತ್ರೆಯನ್ನು 5 ವರ್ಷ, ಕೆಲವೊಮ್ಮೆ 10 ವರ್ಷ ತೆಗೆದುಕೊಳ್ಳಲು ಹೇಳುತ್ತಾರೆ. ಈ ಮಾತ್ರೆ ಸ್ತನದಲ್ಲಿ ಈಸ್ಟ್ರೋಜನ್ ಹಾರ್ಮೋನಿನ ಕೆಲಸವನ್ನು ತಡೆಯುತ್ತದೆ. ಅದೇ ಮಾತ್ರೆ ಗರ್ಭಕೋಶದ ಒಳಪದರದಲ್ಲಿ ಈಸ್ಟ್ರೋಜನ್‌ನಂತೆಯೇ ವರ್ತಿಸಿ ಆ ಪದರವನ್ನು ಬೆಳೆಸಬಲ್ಲದು. ಮುಟ್ಟು ನಿಂತ ಮಹಿಳೆಯರ ಮೂಳೆಯಲ್ಲೂ ಅದು ಈಸ್ಟ್ರೋಜನ್‌ನಂತೆ ನಡೆದುಕೊಂಡು ಮೂಳೆ ಸವೆಯುವುದನ್ನು ಸ್ವಲ್ಪ ಮಟ್ಟಿಗೆ ತಡೆಯುತ್ತದೆ.

ಮಾತ್ರೆ ಒಂದೇ. ಕೋಶದೊಳಗೆ ಅದು ಹಿಡಿದುಕೊಳ್ಳುವ ಪ್ರೋಟೀನ್ ಕೂಡ ಒಂದೇ. ಹಾಗಿದ್ದರೂ ಒಂದು ಅಂಗದಲ್ಲಿ ತಡೆ, ಇನ್ನೊಂದರಲ್ಲಿ ಪ್ರಚೋದನೆ ಏಕೆ? ಔಷಧ ಮತ್ತು ಜೀನ್, ಇವೆರಡರ ನಡುವೆ ನಿಂತು ಕೆಲಸ ಮಾಡುವ ಪ್ರೋಟೀನ್‌ಗಳ ತಂಡದಲ್ಲಿ ಇದರ ಉತ್ತರದ ದೊಡ್ಡ ಭಾಗವಿದೆ. ಇವುಗಳನ್ನು ಕೋ-ಆಕ್ಟಿವೇಟರ್ ಅಥವಾ ಸಹ-ಸಕ್ರಿಯಕ ಪ್ರೋಟೀನ್‌ಗಳು ಎನ್ನುತ್ತಾರೆ. ಇವು ಹೇಗೆ ಕೆಲಸ ಮಾಡುತ್ತವೆ, ಕೆಟ್ಟರೆ ಏನಾಗುತ್ತದೆ, ರೋಗಿಗಳು ಇದರಿಂದ ತಿಳಿಯಬೇಕಾದದ್ದೇನು ಎಂಬುದನ್ನು ಇಲ್ಲಿ ನೋಡೋಣ.

ಎಲ್ಲ ಕೋಶಗಳಲ್ಲೂ ಒಂದೇ ಡಿಎನ್‌ಎ, ಆದರೆ ಕೆಲಸ ಬೇರೆ

ನಮ್ಮ ದೇಹದ ಬಹುತೇಕ ಪ್ರತಿಯೊಂದು ಕೋಶದಲ್ಲೂ ಸುಮಾರು 2 ಮೀಟರ್ ಉದ್ದದ ಡಿಎನ್‌ಎ ಇದೆ. ಅದರಲ್ಲಿ ಪ್ರೋಟೀನ್ ತಯಾರಿಸುವ ಸೂಚನೆಯುಳ್ಳ ಜೀನ್‌ಗಳು ಸುಮಾರು 20,000. ಯಕೃತ್ತಿನ ಕೋಶದಲ್ಲೂ ಮೆದುಳಿನ ಕೋಶದಲ್ಲೂ ಇರುವ ಜೀನ್‌ಗಳು ಒಂದೇ. ಆದರೆ ಇನ್ಸುಲಿನ್ ತಯಾರಾಗುವುದು ಮೇದೋಜೀರಕ ಗ್ರಂಥಿಯ ಬೀಟಾ ಕೋಶಗಳಲ್ಲಿ, ಹಿಮೋಗ್ಲೋಬಿನ್ ತಯಾರಾಗುವುದು ಮೂಳೆಮಜ್ಜೆಯಲ್ಲಿ ಬೆಳೆಯುತ್ತಿರುವ ಕೆಂಪು ರಕ್ತಕಣಗಳಲ್ಲಿ. ಅಂದರೆ ಯಾವ ಕೋಶದಲ್ಲಿ, ಯಾವಾಗ, ಯಾವ ಜೀನ್ ಕೆಲಸ ಮಾಡಬೇಕು ಎಂಬುದಕ್ಕೆ ಕಟ್ಟುನಿಟ್ಟಾದ ನಿಯಂತ್ರಣವಿದೆ.

ಜೀನ್ ಕೆಲಸ ಮಾಡುವುದೆಂದರೆ, ಮೊದಲಿಗೆ ಅದರಲ್ಲಿರುವ ಸೂಚನೆಯ ಒಂದು ನಕಲು ಆರ್‌ಎನ್‌ಎ ರೂಪದಲ್ಲಿ ತಯಾರಾಗಬೇಕು. ಈ ನಕಲು ಮಾಡುವ ಕ್ರಿಯೆಗೆ ಟ್ರಾನ್ಸ್‌ಕ್ರಿಪ್ಷನ್ ಎಂದು ಹೆಸರು. ನಕಲು ಮಾಡುವ ಯಂತ್ರ ಆರ್‌ಎನ್‌ಎ ಪಾಲಿಮರೇಸ್-2 ಎಂಬ ಕಿಣ್ವ. ಇದು 12 ಬಿಡಿ ಪ್ರೋಟೀನ್‌ಗಳು ಸೇರಿ ಆದ ದೊಡ್ಡ ಯಂತ್ರವಾದರೂ, ಯಾವ ಜೀನ್‌ನ ಮುಂದೆ ಹೋಗಿ ಕೂರಬೇಕು ಎಂಬುದು ಇದಕ್ಕೆ ತಾನಾಗಿ ತಿಳಿಯದು.

ಸಹ-ಸಕ್ರಿಯಕ ಎಂದರೆ ಯಾರು?

ಇದನ್ನು ತಾಲ್ಲೂಕು ಕಚೇರಿಯ ಹಳೆಯ ರೆಕಾರ್ಡ್ ರೂಮಿಗೆ ಹೋಲಿಸಬಹುದು. ನಿಮಗೆ ಒಂದು ಜಮೀನಿನ ದಾಖಲೆಯ ನಕಲು ಬೇಕು. ಯಾವ ಸರ್ವೆ ನಂಬರ್ ಎಂದು ಬರೆದ ಅರ್ಜಿ ಕೊಡುತ್ತೀರಿ. ಆದರೆ ಅರ್ಜಿ ಕೊಟ್ಟ ಮಾತ್ರಕ್ಕೆ ನಕಲು ಕೈಗೆ ಬರುವುದಿಲ್ಲ. ಬಟ್ಟೆಯಲ್ಲಿ ಬಿಗಿಯಾಗಿ ಕಟ್ಟಿಟ್ಟ ಕಡತದ ಗಂಟನ್ನು ಒಬ್ಬರು ಬಿಚ್ಚಬೇಕು. ಅರ್ಜಿಯನ್ನು ನೋಡಿ, ನಕಲು ಮಾಡುವವರನ್ನು ಸರಿಯಾದ ಪುಟದ ಮುಂದೆ ಕೂರಿಸಿ, ಕೆಲಸ ಶುರು ಮಾಡಿಸಲು ಇನ್ನೊಬ್ಬರು ಬೇಕು.

ಕೋಶದಲ್ಲಿ ಅರ್ಜಿಯ ಪಾತ್ರ ವಹಿಸುವುದು ಟ್ರಾನ್ಸ್‌ಕ್ರಿಪ್ಷನ್ ಫ್ಯಾಕ್ಟರ್‌ಗಳೆಂಬ ಪ್ರೋಟೀನ್‌ಗಳು. ಮನುಷ್ಯರಲ್ಲಿ ಇಂಥವು ಸುಮಾರು 1,600 ಇವೆ. ಇವು ಡಿಎನ್‌ಎಯ ನಿರ್ದಿಷ್ಟ ಅಕ್ಷರಗಳನ್ನು ಗುರುತಿಸಿ ಅಲ್ಲಿಯೇ ಅಂಟಿಕೊಳ್ಳುತ್ತವೆ. ಸಹ-ಸಕ್ರಿಯಕಗಳು ಸಾಮಾನ್ಯವಾಗಿ ಹೀಗೆ ಡಿಎನ್‌ಎಯನ್ನು ನೇರವಾಗಿ ಗುರುತಿಸುವುದಿಲ್ಲ. ಈಗಾಗಲೇ ಅಂಟಿಕೊಂಡಿರುವ ಟ್ರಾನ್ಸ್‌ಕ್ರಿಪ್ಷನ್ ಫ್ಯಾಕ್ಟರ್ ಅನ್ನು ಹಿಡಿದುಕೊಂಡು ಬಂದು ಸೇರುತ್ತವೆ. ಬಹುತೇಕ ಒಂಟಿಯಾಗಿ ಬಾರದೆ ದೊಡ್ಡ ಗುಂಪುಗಳಾಗಿ ಬರುತ್ತವೆ. ಮುಖ್ಯವಾಗಿ ಎರಡು ಬಗೆಯ ಗುಂಪುಗಳನ್ನು ನೆನಪಿಡಬಹುದು.

• ಗಂಟು ಬಿಚ್ಚುವವು: ಡಿಎನ್‌ಎ ಹಿಸ್ಟೋನ್ ಎಂಬ ಪ್ರೋಟೀನ್‌ಗಳ ಸುತ್ತ, ರೀಲಿಗೆ ದಾರ ಸುತ್ತಿದಂತೆ ಸುತ್ತಿಕೊಂಡಿರುತ್ತದೆ. ಒಂದೊಂದು ರೀಲಿನ ಸುತ್ತ 147 ಅಕ್ಷರ-ಜೋಡಿಗಳಷ್ಟು ಡಿಎನ್‌ಎ ಇರುತ್ತದೆ. ಪಿ300 ಮತ್ತು ಸಿಬಿಪಿ ಎಂಬ ಸೋದರ ಪ್ರೋಟೀನ್‌ಗಳು ಹಿಸ್ಟೋನ್‌ಗಳಿಗೆ ಅಸಿಟೈಲ್ ಎಂಬ ಸಣ್ಣ ರಾಸಾಯನಿಕ ಗುಂಪನ್ನು ಸೇರಿಸಿ ಈ ಹಿಡಿತವನ್ನು ಸಡಿಲಿಸುತ್ತವೆ.

• ಸಂಪರ್ಕ ಕಲ್ಪಿಸುವವು: ಇವುಗಳಲ್ಲಿ ಅತಿ ಮುಖ್ಯವಾದದ್ದು ಮೀಡಿಯೇಟರ್. ಮನುಷ್ಯರಲ್ಲಿ ಇದು ಸುಮಾರು 30 ಬಿಡಿ ಪ್ರೋಟೀನ್‌ಗಳ ಸಂಕೀರ್ಣ. ಒಂದು ಬದಿಯಲ್ಲಿ ಟ್ರಾನ್ಸ್‌ಕ್ರಿಪ್ಷನ್ ಫ್ಯಾಕ್ಟರ್, ಇನ್ನೊಂದು ಬದಿಯಲ್ಲಿ ಪಾಲಿಮರೇಸ್, ಎರಡನ್ನೂ ಹಿಡಿದು ಸೂಚನೆಯನ್ನು ಇಲ್ಲಿಂದ ಅಲ್ಲಿಗೆ ತಲುಪಿಸುತ್ತದೆ.

ಜೀನ್‌ಗೆ ಚಾಲನೆ ಸಿಗುವುದು ಹೇಗೆ? ಹಂತ ಹಂತವಾಗಿ

ಈಸ್ಟ್ರೋಜನ್ ಹಾರ್ಮೋನನ್ನೇ ಉದಾಹರಣೆಯಾಗಿ ತೆಗೆದುಕೊಳ್ಳೋಣ.

1. ರಕ್ತದಲ್ಲಿ ಹರಿದು ಬಂದ ಈಸ್ಟ್ರೋಜನ್ ಕೋಶದೊಳಗೆ ಸೇರಿ, ಈಸ್ಟ್ರೋಜನ್ ರಿಸೆಪ್ಟರ್ ಎಂಬ ಪ್ರೋಟೀನ್‌ನ ಹೊಂಡದಲ್ಲಿ ಕೂರುತ್ತದೆ. ಈ ರಿಸೆಪ್ಟರ್ ಕೂಡ ಒಂದು ಟ್ರಾನ್ಸ್‌ಕ್ರಿಪ್ಷನ್ ಫ್ಯಾಕ್ಟರ್. ಬಯಾಪ್ಸಿ ವರದಿಯಲ್ಲಿ ‘ಇಆರ್ ಪಾಸಿಟಿವ್’ ಎಂದು ಬರೆಯುವುದು ಇದೇ ಪ್ರೋಟೀನ್ ಇದೆ ಎಂದು ತಿಳಿಸಲು.

2. ಹಾರ್ಮೋನ್ ಕೂರುತ್ತಿದ್ದಂತೆ ರಿಸೆಪ್ಟರ್‌ನ ಒಂದು ತುಂಡು ಡಬ್ಬಿಯ ಮುಚ್ಚಳದಂತೆ ಮಡಚಿಕೊಳ್ಳುತ್ತದೆ. ವಿಜ್ಞಾನಿಗಳು ಈ ತುಂಡನ್ನು ಹೆಲಿಕ್ಸ್-12 ಎನ್ನುತ್ತಾರೆ. ಮುಚ್ಚಳ ಸರಿಯಾಗಿ ಕೂತಾಗ ರಿಸೆಪ್ಟರ್‌ನ ಮೈಮೇಲೆ ಒಂದು ಸಣ್ಣ ಕಾಲುವೆಯಂಥ ಜಾಗ ತೆರೆದುಕೊಳ್ಳುತ್ತದೆ.

3. ಆ ಜಾಗಕ್ಕೆ ಎಸ್‌ಆರ್‌ಸಿ ಎಂಬ ಕುಟುಂಬದ ಸಹ-ಸಕ್ರಿಯಕಗಳು ಬಂದು ಸೇರುತ್ತವೆ. ಮನುಷ್ಯರಲ್ಲಿ ಈ ಕುಟುಂಬದ ಸದಸ್ಯರು ಮೂರು: ಎಸ್‌ಆರ್‌ಸಿ-1, 2 ಮತ್ತು 3.

4. ಎಸ್‌ಆರ್‌ಸಿ ತನ್ನೊಂದಿಗೆ ಪಿ300 ಅಥವಾ ಸಿಬಿಪಿಯನ್ನು ಕರೆತರುತ್ತದೆ. ಹಿಸ್ಟೋನ್‌ಗಳ ಬಾಲದಲ್ಲಿರುವ ಲೈಸಿನ್‌ಗಳಿಗೆ ಧನ ವಿದ್ಯುದಂಶವಿದೆ, ಡಿಎನ್‌ಎಗೆ ಋಣ ವಿದ್ಯುದಂಶ. ಆದ್ದರಿಂದಲೇ ಎರಡೂ ಬಿಗಿಯಾಗಿ ಅಂಟಿಕೊಂಡಿರುತ್ತವೆ. ಅಸಿಟೈಲ್ ಗುಂಪು ಸೇರಿದಾಗ ಲೈಸಿನ್‌ನ ಆ ವಿದ್ಯುದಂಶ ಇಲ್ಲವಾಗಿ ಹಿಡಿತ ಸಡಿಲಾಗುತ್ತದೆ. ಅಸಿಟೈಲ್ ಗುರುತನ್ನು ಕಂಡು ಬೇರೆ ಸಹಾಯಕ ಪ್ರೋಟೀನ್‌ಗಳೂ ಅಲ್ಲಿಗೆ ಬರುತ್ತವೆ.

5. ಮೀಡಿಯೇಟರ್ ಬಂದು ಪಾಲಿಮರೇಸ್ ಅನ್ನು ಜೀನ್‌ನ ಆರಂಭದ ಜಾಗದಲ್ಲಿ ಕೂರಿಸಲು ನೆರವಾಗುತ್ತದೆ. ಪಾಲಿಮರೇಸ್‌ನ ಬಾಲಕ್ಕೆ ಫಾಸ್ಫೇಟ್ ಗುಂಪುಗಳು ಸೇರಿದಾಗ ಅದು ಜಾಗ ಬಿಟ್ಟು ಮುಂದೆ ಹೊರಡುತ್ತದೆ. ನಕಲು ಶುರುವಾಗುತ್ತದೆ.

ಇವು ಪ್ರತಿ ಜೀನ್‌ನಲ್ಲೂ ಇದೇ ಕ್ರಮದಲ್ಲಿ ನಡೆಯುತ್ತವೆ ಎಂದಲ್ಲ. ಸಹ-ಸಕ್ರಿಯಕಗಳು ಬರುತ್ತವೆ, ಹೋಗುತ್ತವೆ, ಮತ್ತೆ ಬರುತ್ತವೆ. ಇದಕ್ಕೆ ವಿರುದ್ಧವಾಗಿ ಕೆಲಸ ಮಾಡುವ ಸಹ-ದಮನಕ ಪ್ರೋಟೀನ್‌ಗಳೂ ಇವೆ. ಅವು ಅಸಿಟೈಲ್ ಗುಂಪನ್ನು ತೆಗೆಸಿ ಗಂಟನ್ನು ಮತ್ತೆ ಬಿಗಿ ಮಾಡುತ್ತವೆ. ಒಂದು ಕೋಶದಲ್ಲಿ ಯಾವ ತಂಡದ ಪ್ರೋಟೀನ್‌ಗಳು ಎಷ್ಟಿವೆ ಎಂಬುದರ ಮೇಲೆ ಫಲಿತಾಂಶ ನಿಂತಿದೆ.

ಇವು ಪತ್ತೆಯಾದದ್ದು ಹೇಗೆ?

1969ರಲ್ಲಿ ಅಮೆರಿಕದ ರಾಬರ್ಟ್ ರೋಡರ್ ಮತ್ತು ವಿಲಿಯಂ ರಟರ್, ಪ್ರಾಣಿಗಳ ಕೋಶಗಳಲ್ಲಿ ಮೂರು ಬಗೆಯ ಆರ್‌ಎನ್‌ಎ ಪಾಲಿಮರೇಸ್‌ಗಳಿವೆ ಎಂದು ತೋರಿಸಿದರು. ಮುಂದೆ ಶುದ್ಧೀಕರಿಸಿದ ಪಾಲಿಮರೇಸ್ ಮತ್ತು ಅದಕ್ಕೆ ಬೇಕಾದ ಮೂಲ ಪ್ರೋಟೀನ್‌ಗಳನ್ನು ಪ್ರಯೋಗನಾಳದಲ್ಲಿ ಸೇರಿಸಿದಾಗ ಜೀನ್‌ನ ನಕಲೇನೋ ತಯಾರಾಯಿತು. ಆದರೆ ಟ್ರಾನ್ಸ್‌ಕ್ರಿಪ್ಷನ್ ಫ್ಯಾಕ್ಟರ್ ಸೇರಿಸಿದರೂ ನಕಲಿನ ವೇಗ ನಿರೀಕ್ಷಿಸಿದಂತೆ ಏರಲಿಲ್ಲ. ಮಧ್ಯದಲ್ಲಿ ಏನೋ ಒಂದು ಬಿಟ್ಟುಹೋಗಿತ್ತು.

ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ರೋಜರ್ ಕಾರ್ನ್‌ಬರ್ಗ್ ಅವರ ತಂಡ 1990ರ ದಶಕದ ಆರಂಭದಲ್ಲಿ ಯೀಸ್ಟ್‌ನಲ್ಲಿ ಆ ಕೊಂಡಿಯನ್ನು ಗುರುತಿಸಿ ಮೀಡಿಯೇಟರ್ ಎಂದು ಕರೆಯಿತು. ಟ್ರಾನ್ಸ್‌ಕ್ರಿಪ್ಷನ್ ಯಂತ್ರದ ರಚನೆಯನ್ನು ಬಿಡಿಸಿ ತೋರಿಸಿದ ಕೆಲಸಕ್ಕಾಗಿ ಕಾರ್ನ್‌ಬರ್ಗ್ ಅವರಿಗೆ 2006ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಬಂತು. 1995ರಲ್ಲಿ ಹ್ಯೂಸ್ಟನ್‌ನ ಬೇಲರ್ ವೈದ್ಯಕೀಯ ಕಾಲೇಜಿನಲ್ಲಿ ಬರ್ಟ್ ಓಮ್ಯಾಲಿ ಅವರ ತಂಡ ಎಸ್‌ಆರ್‌ಸಿ-1 ಅನ್ನು ಪತ್ತೆ ಮಾಡಿತು. 1996ರಲ್ಲಿ ನ್ಯೂಯಾರ್ಕ್‌ನ ರಾಕ್‌ಫೆಲರ್ ವಿಶ್ವವಿದ್ಯಾಲಯದಲ್ಲಿ ರೋಡರ್ ಅವರ ತಂಡ ಮಾನವ ಕೋಶಗಳಿಂದ ಥೈರಾಯ್ಡ್ ಹಾರ್ಮೋನಿನ ರಿಸೆಪ್ಟರ್ ಅನ್ನು ಹೊರತೆಗೆಯಿತು. ಥೈರಾಯ್ಡ್ ಹಾರ್ಮೋನ್ ಕೊಟ್ಟ ಕೋಶಗಳಲ್ಲಿ ಅದರ ಜೊತೆಗೆ ಒಂದು ದೊಡ್ಡ ಪ್ರೋಟೀನ್ ಗುಂಪು ಅಂಟಿಕೊಂಡು ಬಂತು. ವಿಟಮಿನ್ ಡಿ ರಿಸೆಪ್ಟರ್ ಬಗ್ಗೆ ಕೆಲಸ ಮಾಡುತ್ತಿದ್ದವರಿಗೂ ಇಂಥದ್ದೇ ಗುಂಪು ಸಿಕ್ಕಿತು. ಬೇರೆ ಬೇರೆ ಪ್ರಯೋಗಾಲಯಗಳು ಬೇರೆ ಬೇರೆ ಹೆಸರಿಟ್ಟ ಈ ಗುಂಪುಗಳೆಲ್ಲ ಮನುಷ್ಯರ ಮೀಡಿಯೇಟರ್‌ನದೇ ರೂಪಗಳು ಎಂಬುದು ನಂತರ ಸ್ಪಷ್ಟವಾಯಿತು.

ಟ್ಯಾಮಾಕ್ಸಿಫೆನ್‌ನ ಎರಡು ಮುಖ

ಈಗ ಆರಂಭದ ಪ್ರಶ್ನೆಗೆ ಬರೋಣ. ಟ್ಯಾಮಾಕ್ಸಿಫೆನ್ ಕೂಡ ಈಸ್ಟ್ರೋಜನ್ ರಿಸೆಪ್ಟರ್‌ನ ಅದೇ ಹೊಂಡದಲ್ಲಿ ಕೂರುತ್ತದೆ. ಆದರೆ ಅದಕ್ಕೆ ಉದ್ದನೆಯ ಒಂದು ಬಾಲವಿದೆ. ಆ ಬಾಲ ಅಡ್ಡ ಬರುವುದರಿಂದ ಮುಚ್ಚಳ ಸರಿಯಾಗಿ ಮುಚ್ಚಿಕೊಳ್ಳಲಾರದೆ ಪಕ್ಕಕ್ಕೆ ಸರಿದು, ಎಸ್‌ಆರ್‌ಸಿ ಕೂರಬೇಕಾದ ಜಾಗವನ್ನೇ ಆಕ್ರಮಿಸಿಕೊಳ್ಳುತ್ತದೆ. ಎಸ್‌ಆರ್‌ಸಿಗೆ ಅಲ್ಲಿ ಜಾಗವಿಲ್ಲ. ಸ್ತನದ ಕೋಶಗಳಲ್ಲಿ ಸಹ-ದಮನಕಗಳು ಬಂದು ಸೇರುತ್ತವೆ, ಜೀನ್ ಸುಮ್ಮನಾಗುತ್ತದೆ. ಕ್ಯಾನ್ಸರ್ ಕೋಶಕ್ಕೆ ಬೆಳೆಯಲು ಬೇಕಾದ ಆದೇಶ ತಲುಪುವುದಿಲ್ಲ.

ಗರ್ಭಕೋಶದ ಒಳಪದರದ ಕೋಶಗಳಲ್ಲಿ ಪರಿಸ್ಥಿತಿ ಬೇರೆ. 2002ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಪ್ರಯೋಗಾಲಯದಲ್ಲಿ ಬೆಳೆಸಿದ ಇಂಥ ಕೋಶಗಳಲ್ಲಿ ಎಸ್‌ಆರ್‌ಸಿ-1ರ ಪ್ರಮಾಣ ಸ್ತನದ ಕೋಶಗಳಿಗಿಂತ ಹೆಚ್ಚಿರುವುದು ಕಂಡುಬಂತು. ಅದನ್ನು ತಗ್ಗಿಸಿದಾಗ ಟ್ಯಾಮಾಕ್ಸಿಫೆನ್ ಈಸ್ಟ್ರೋಜನ್‌ನಂತೆ ವರ್ತಿಸುವುದು ನಿಂತಿತು. ರಿಸೆಪ್ಟರ್‌ನ ಬೇರೆ ಭಾಗಗಳ ಮೂಲಕವೂ ಸಹ-ಸಕ್ರಿಯಕಗಳು ಅಂಟಿಕೊಳ್ಳಬಲ್ಲವು. ಆದ್ದರಿಂದ ಅವು ಹೇರಳವಾಗಿರುವ ಕಡೆ ಜೀನ್‌ಗೆ ಚಾಲನೆ ಸಿಕ್ಕಿಬಿಡುತ್ತದೆ.

ಇದು ರೋಗಿಗೆ ನೇರವಾಗಿ ಸಂಬಂಧಿಸಿದ ವಿಷಯ. ಟ್ಯಾಮಾಕ್ಸಿಫೆನ್ ತೆಗೆದುಕೊಳ್ಳುವವರಲ್ಲಿ, ಮುಖ್ಯವಾಗಿ ಮುಟ್ಟು ನಿಂತವರಲ್ಲಿ, ಗರ್ಭಕೋಶದ ಒಳಪದರದ ಕ್ಯಾನ್ಸರ್ ಸಾಧ್ಯತೆ ಸುಮಾರು ಎರಡರಿಂದ ಮೂರು ಪಟ್ಟು ಹೆಚ್ಚುತ್ತದೆ. ಮೂಲ ಸಾಧ್ಯತೆಯೇ ಕಡಿಮೆ ಇರುವುದರಿಂದ ಒಟ್ಟು ಅಪಾಯ ಸಣ್ಣದು. ಸ್ತನ ಕ್ಯಾನ್ಸರ್ ಮರುಕಳಿಸದಂತೆ ತಡೆಯುವ ಲಾಭ ಹೆಚ್ಚಿನವರಿಗೆ ಇದಕ್ಕಿಂತ ದೊಡ್ಡದು. ಹಾಗಾಗಿ ಹೆದರಿ ಮಾತ್ರೆ ನಿಲ್ಲಿಸಬೇಡಿ. ಆದರೆ ಮುಟ್ಟು ನಿಂತ ಮೇಲೆ ಒಂದೇ ಒಂದು ಸಲ ರಕ್ತಸ್ರಾವ ಅಥವಾ ಕಲೆ ಕಂಡರೂ, ಮುಟ್ಟಾಗುತ್ತಿರುವವರಲ್ಲಿ ಸ್ರಾವದ ಕ್ರಮ ಬದಲಾದರೂ, ‘ವಯಸ್ಸಿಗೆ ಸಹಜ’ ಎಂದು ಸುಮ್ಮನಿರದೆ ಕೂಡಲೇ ವೈದ್ಯರಿಗೆ ತೋರಿಸಿ.

ಸಹ-ಸಕ್ರಿಯಕಗಳೇ ಕೆಟ್ಟಾಗ

ರೂಬಿನ್‌ಸ್ಟೀನ್-ಟೇಬಿ ಸಿಂಡ್ರೋಮ್: ಅಗಲವಾದ ಹೆಬ್ಬೆರಳುಗಳು, ಕುಳ್ಳಗಿನ ದೇಹ, ವಿಶಿಷ್ಟ ಮುಖಲಕ್ಷಣ ಮತ್ತು ಬೌದ್ಧಿಕ ಬೆಳವಣಿಗೆಯಲ್ಲಿ ಹಿನ್ನಡೆ ಇರುವ ಅಪರೂಪದ ಸ್ಥಿತಿ ಇದು. ಸುಮಾರು 1 ಲಕ್ಷದಿಂದ 1.25 ಲಕ್ಷ ಮಕ್ಕಳಲ್ಲಿ ಒಬ್ಬರಿಗೆ ಬರುತ್ತದೆ. 1963ರಲ್ಲಿ ಇದನ್ನು ವಿವರಿಸಿದ್ದರೂ, ಸಿಬಿಪಿ ಜೀನ್‌ನ ದೋಷ ಇದಕ್ಕೆ ಕಾರಣ ಎಂದು ಗೊತ್ತಾದದ್ದು 1995ರಲ್ಲಿ. ಕೆಲವರಲ್ಲಿ ಪಿ300ರ ಜೀನ್‌ನಲ್ಲಿ ದೋಷವಿರುತ್ತದೆ. ತಂದೆಯಿಂದ ಒಂದು, ತಾಯಿಯಿಂದ ಒಂದು ಎಂದು ಪ್ರತಿ ಜೀನ್‌ನ ಎರಡು ಪ್ರತಿಗಳಿರುತ್ತವೆ. ಇಲ್ಲಿ ಒಂದು ಪ್ರತಿ ಸರಿಯಾಗಿಯೇ ಇರುತ್ತದೆ. ಆದರೂ ಅರ್ಧ ಪ್ರಮಾಣದ ಸಹ-ಸಕ್ರಿಯಕದಿಂದ ಭ್ರೂಣದ ಬೆಳವಣಿಗೆಯ ಎಲ್ಲ ಕೆಲಸ ನಡೆಯುವುದಿಲ್ಲ. ಬಹುತೇಕ ಪ್ರಕರಣಗಳಲ್ಲಿ ಈ ದೋಷ ಮಗುವಿನಲ್ಲಿ ಹೊಸದಾಗಿ ಉಂಟಾದದ್ದು. ಗರ್ಭಿಣಿಯಾಗಿದ್ದಾಗ ತಾಯಿ ಏನು ತಿಂದರು, ಏನು ಮಾಡಿದರು ಎಂಬುದಕ್ಕೂ ಇದಕ್ಕೂ ಸಂಬಂಧವಿಲ್ಲ. ಅದೇ ತಂದೆತಾಯಿಗೆ ಮುಂದಿನ ಮಗುವಿನಲ್ಲಿ ಇದು ಮರುಕಳಿಸುವ ಸಾಧ್ಯತೆ ಶೇ 1ಕ್ಕಿಂತ ಕಡಿಮೆ. ಜೆನೆಟಿಕ್ ಕೌನ್ಸೆಲಿಂಗ್‌ನಲ್ಲಿ ಇದನ್ನು ವಿವರವಾಗಿ ಕೇಳಿ ತಿಳಿಯಬಹುದು.

ಗರ್ಭಕೋಶದ ಫೈಬ್ರಾಯ್ಡ್: ಇದು ಕ್ಯಾನ್ಸರ್ ಅಲ್ಲದ, ಬಹಳ ಮಹಿಳೆಯರಲ್ಲಿ ಕಾಣುವ ಗಡ್ಡೆ. 2011ರಲ್ಲಿ ಫಿನ್ಲೆಂಡ್‌ನ ಸಂಶೋಧಕರು 225 ಫೈಬ್ರಾಯ್ಡ್‌ಗಳನ್ನು ಪರೀಕ್ಷಿಸಿದಾಗ, ಸುಮಾರು ಶೇ 70ರಲ್ಲಿ ಮೀಡಿಯೇಟರ್‌ನ ಎಂಇಡಿ12 ಎಂಬ ಭಾಗದ ಜೀನ್‌ನಲ್ಲಿ ಬದಲಾವಣೆ ಕಂಡಿತು. ಈ ಬದಲಾವಣೆ ಸಾಮಾನ್ಯವಾಗಿ ಗಡ್ಡೆಯ ಕೋಶಗಳಲ್ಲಿ ಮಾತ್ರ ಇರುತ್ತದೆ, ಹುಟ್ಟಿನಿಂದ ಬಂದದ್ದಲ್ಲ. ಒಬ್ಬರೇ ಮಹಿಳೆಯ ಬೇರೆ ಬೇರೆ ಗಡ್ಡೆಗಳಲ್ಲಿ ಬೇರೆ ಬೇರೆ ಬದಲಾವಣೆಗಳಿರಬಹುದು.

ಸ್ತನ ಕ್ಯಾನ್ಸರ್: 1997ರಲ್ಲಿ ಸಂಶೋಧಕರು ಕೆಲವು ಸ್ತನ ಕ್ಯಾನ್ಸರ್‌ಗಳಲ್ಲಿ ಒಂದು ಜೀನ್‌ನ ಪ್ರತಿಗಳು ಮಿತಿಮೀರಿ ಹೆಚ್ಚಿರುವುದನ್ನು ಕಂಡು ಅದಕ್ಕೆ ಎಐಬಿ-1 ಎಂದು ಹೆಸರಿಟ್ಟರು. ಅದು ಎಸ್‌ಆರ್‌ಸಿ-3. ಇಲ್ಲಿ ತೊಂದರೆ ಕೊರತೆಯದ್ದಲ್ಲ, ಅತಿಯಾದದ್ದರದ್ದು. ಸಹ-ಸಕ್ರಿಯಕ ಹೆಚ್ಚಾದಾಗ ಸ್ವಲ್ಪ ಹಾರ್ಮೋನಿಗೂ ಕೋಶ ಜೋರಾಗಿ ಸ್ಪಂದಿಸುತ್ತದೆ.

ವ್ಯಾಯಾಮ ಮಾಡಿದಾಗ ಏನಾಗುತ್ತದೆ?

ಸಹ-ಸಕ್ರಿಯಕಗಳ ಪ್ರಮಾಣ ಹುಟ್ಟಿನಿಂದ ಕೊನೆವರೆಗೂ ಒಂದೇ ಸಮ ಇರುವುದಿಲ್ಲ. 1998ರಲ್ಲಿ ಬ್ರೂಸ್ ಸ್ಪೀಗಲ್‌ಮನ್ ಅವರ ತಂಡ ಇಲಿಗಳ ಕಂದು ಕೊಬ್ಬಿನಲ್ಲಿ, ಚಳಿಗೆ ಒಡ್ಡಿದಾಗ ಹೆಚ್ಚಾಗುವ ಪಿಜಿಸಿ-1 ಎಂಬ ಸಹ-ಸಕ್ರಿಯಕವನ್ನು ಗುರುತಿಸಿತು. ಈಗ ಇದನ್ನು ಪಿಜಿಸಿ-1 ಆಲ್ಫಾ ಎನ್ನುತ್ತಾರೆ. ಮನುಷ್ಯರ ಸ್ನಾಯುಗಳಲ್ಲಿ ಚುರುಕು ನಡಿಗೆ, ಓಟ, ಸೈಕಲ್ ತುಳಿತದಂಥ ವ್ಯಾಯಾಮದ ನಂತರ ಇದು ಏರುತ್ತದೆ. ಕೋಶದ ಶಕ್ತಿಕೇಂದ್ರಗಳಾದ ಮೈಟೊಕಾಂಡ್ರಿಯಾ ಹೆಚ್ಚಿಸುವ ಜೀನ್‌ಗಳಿಗೆ ಇದು ಚಾಲನೆ ಕೊಡುತ್ತದೆ. ಒಂದು ದಿನದ ವ್ಯಾಯಾಮದಿಂದಾದ ಏರಿಕೆ ಕೆಲವು ಗಂಟೆಗಳಲ್ಲಿ ಇಳಿದುಬಿಡುತ್ತದೆ. ವಾರದಲ್ಲಿ ಒಂದು ದಿನ ದಣಿಯುವುದಕ್ಕಿಂತ ನಿಯಮಿತವಾಗಿ ವ್ಯಾಯಾಮ ಮಾಡಿ ಎಂದು ಹೇಳುವುದಕ್ಕೆ ಇದೂ ಒಂದು ಕಾರಣ.

ಪುನರ್ಪುಳಿ, ಅರಿಶಿನ ಮತ್ತು ಪಿ300

ಈ ಕ್ಷೇತ್ರದಲ್ಲಿ ಬೆಂಗಳೂರಿನ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದ ಕೆಲಸವೂ ಇದೆ. ರೋಡರ್ ಅವರ ಪ್ರಯೋಗಾಲಯದಲ್ಲಿ ಪಿ300 ಬಗ್ಗೆ ಅಧ್ಯಯನ ಮಾಡಿದ್ದ ತಪಸ್ ಕುಮಾರ್ ಕುಂಡು ಅವರ ತಂಡ, 2004ರಲ್ಲಿ ಪುನರ್ಪುಳಿ ಹಣ್ಣಿನ ಸಿಪ್ಪೆಯಲ್ಲಿರುವ ಗಾರ್ಸಿನಾಲ್ ಎಂಬ ವಸ್ತು ಪಿ300ರ ಅಸಿಟೈಲ್ ಸೇರಿಸುವ ಕೆಲಸವನ್ನು ತಡೆಯುತ್ತದೆ ಎಂದು ತೋರಿಸಿತು. ಇದು ಮುಂಬೈ, ಪುಣೆಯವರು ಕೋಕಮ್ ಎನ್ನುವ ಅದೇ ಹಣ್ಣು. ಅರಿಶಿನದ ಕರ್ಕ್ಯುಮಿನ್ ಬಗ್ಗೆಯೂ ಅದೇ ವರ್ಷ ಇಂಥದ್ದೇ ಫಲಿತಾಂಶವನ್ನು ಪ್ರಕಟಿಸಿತು.

ಇದರ ಅರ್ಥ ಕೋಕಮ್ ಶರಬತ್ತು ಅಥವಾ ಅರಿಶಿನದ ಹಾಲು ಕ್ಯಾನ್ಸರ್ ಗುಣಪಡಿಸುತ್ತದೆ ಎಂದಲ್ಲ. ಇವು ಪ್ರಯೋಗನಾಳದಲ್ಲಿ ಮತ್ತು ಬೆಳೆಸಿದ ಕೋಶಗಳಲ್ಲಿ, ಶುದ್ಧೀಕರಿಸಿದ ವಸ್ತುವಿನಿಂದ ಸಿಕ್ಕ ಫಲಿತಾಂಶಗಳು. ತಿಂದ ಕರ್ಕ್ಯುಮಿನ್‌ನಲ್ಲಿ ರಕ್ತಕ್ಕೆ ಸೇರುವುದು ಬಹಳ ಕಡಿಮೆ. ಅಡುಗೆಗೆ ಇವನ್ನು ಧಾರಾಳವಾಗಿ ಬಳಸಿ. ಚಿಕಿತ್ಸೆಗೆ ಬದಲಾಗಿ ಬಳಸಬೇಡಿ.

ಓದುಗರು ಕೇಳಬಹುದಾದ ಪ್ರಶ್ನೆಗಳು

ಬಯಾಪ್ಸಿ ವರದಿಯಲ್ಲಿ ಸಹ-ಸಕ್ರಿಯಕಗಳ ಮಟ್ಟ ಇರುತ್ತದೆಯೇ?
ಇಲ್ಲ. ಸ್ತನ ಕ್ಯಾನ್ಸರ್‌ನಲ್ಲಿ ವಾಡಿಕೆಯಾಗಿ ನೋಡುವುದು ಇಆರ್, ಪಿಆರ್ ಮತ್ತು ಹರ್-2. ಎಸ್‌ಆರ್‌ಸಿಯಂಥವುಗಳ ಪರೀಕ್ಷೆ ಸಂಶೋಧನೆಗೆ ಸೀಮಿತ. ದುಡ್ಡು ಕೊಟ್ಟು ಬೇರೆ ಪರೀಕ್ಷೆ ಮಾಡಿಸುವ ಅಗತ್ಯವಿಲ್ಲ.

‘ಜೀನ್ ಸಕ್ರಿಯಗೊಳಿಸುವ’ ಪುಡಿ, ಕ್ಯಾಪ್ಸೂಲ್‌ಗಳನ್ನು ತೆಗೆದುಕೊಳ್ಳಬಹುದೇ?
ಒಂದೇ ಸಹ-ಸಕ್ರಿಯಕ ಸಾವಿರಾರು ಜೀನ್‌ಗಳಲ್ಲಿ ಕೆಲಸ ಮಾಡುತ್ತದೆ. ಅವುಗಳಲ್ಲಿ ಕೆಲವು ಜೀನ್‌ಗಳು ಸುಮ್ಮನಿರುವುದೇ ಒಳ್ಳೆಯದು. ಬೇಕಾದ ಜೀನ್‌ಗೆ ಮಾತ್ರ ಚಾಲನೆ ಕೊಡುತ್ತೇವೆ ಎನ್ನುವ ಜಾಹೀರಾತುಗಳಿಗೆ ಆಧಾರವಿಲ್ಲ.

ಟ್ಯಾಮಾಕ್ಸಿಫೆನ್ ಜೊತೆ ಕರ್ಕ್ಯುಮಿನ್ ಕ್ಯಾಪ್ಸೂಲ್ ತೆಗೆದುಕೊಂಡರೆ ತೊಂದರೆಯೇ?
ಕೇಳದೆ ತೆಗೆದುಕೊಳ್ಳಬೇಡಿ. ನೆದರ್ಲೆಂಡ್ಸ್‌ನಲ್ಲಿ ನಡೆದ ಒಂದು ಸಣ್ಣ ಅಧ್ಯಯನದಲ್ಲಿ, ಕರ್ಕ್ಯುಮಿನ್ ಪೂರಕವು ಟ್ಯಾಮಾಕ್ಸಿಫೆನ್‌ನ ಸಕ್ರಿಯ ರೂಪದ ಮಟ್ಟವನ್ನು ರಕ್ತದಲ್ಲಿ ತಗ್ಗಿಸಿದ್ದು ಕಂಡುಬಂತು. ಪ್ಯಾರಾಕ್ಸೆಟಿನ್, ಫ್ಲುಆಕ್ಸೆಟಿನ್‌ನಂಥ ಕೆಲವು ಖಿನ್ನತೆಯ ಮಾತ್ರೆಗಳೂ ಹೀಗೆ ಮಾಡಬಲ್ಲವು. ಅವನ್ನು ನೀವಾಗಿಯೇ ನಿಲ್ಲಿಸಬೇಡಿ. ನೀವು ತೆಗೆದುಕೊಳ್ಳುವ ಎಲ್ಲ ಮಾತ್ರೆ, ಪುಡಿ, ಕಷಾಯಗಳ ಪಟ್ಟಿಯನ್ನು ಕ್ಯಾನ್ಸರ್ ವೈದ್ಯರಿಗೆ ತೋರಿಸಿ.

ಸಹ-ಸಕ್ರಿಯಕಗಳನ್ನೇ ಗುರಿಯಾಗಿಸಿದ ಔಷಧಗಳು ಬರುತ್ತವೆಯೇ?
ಪಿ300 ಮತ್ತು ಸಿಬಿಪಿಯನ್ನು ತಡೆಯುವ ಔಷಧಗಳು ಕೆಲವು ಕ್ಯಾನ್ಸರ್‌ಗಳಿಗಾಗಿ ಪರೀಕ್ಷೆಯ ಹಂತದಲ್ಲಿವೆ. ಆರೋಗ್ಯವಂತ ಕೋಶಗಳಿಗೂ ಈ ಪ್ರೋಟೀನ್‌ಗಳು ಬೇಕು. ರೋಗದ ಕೋಶದಲ್ಲಿ ತಡೆದು, ಉಳಿದೆಡೆ ಬಿಡುವುದು ಹೇಗೆ ಎಂಬುದೇ ಸಂಶೋಧಕರ ಮುಂದಿರುವ ಕಷ್ಟ.

ನೆನಪಿಡಬೇಕಾದದ್ದು

• ಹಾರ್ಮೋನ್ ಅಥವಾ ಔಷಧ ಕೋಶವನ್ನು ತಲುಪಿದ ಮಾತ್ರಕ್ಕೆ ಜೀನ್‌ಗೆ ಚಾಲನೆ ಸಿಗದು. ಗಂಟು ಬಿಚ್ಚುವ, ಸಂಪರ್ಕ ಕಲ್ಪಿಸುವ ಪ್ರೋಟೀನ್ ತಂಡ ಜೊತೆಗೂಡಬೇಕು.
• ಈ ತಂಡ ಪ್ರತಿ ಅಂಗದಲ್ಲೂ ಬೇರೆ. ಒಂದೇ ಔಷಧ ಬೇರೆ ಬೇರೆ ಅಂಗಗಳಲ್ಲಿ ಬೇರೆಯಾಗಿ ವರ್ತಿಸಲು ಇದು ಮುಖ್ಯ ಕಾರಣ.
• ಟ್ಯಾಮಾಕ್ಸಿಫೆನ್ ತೆಗೆದುಕೊಳ್ಳುವವರು ಮಾತ್ರೆಯನ್ನು ತಪ್ಪಿಸಬೇಡಿ, ಅಸಹಜ ರಕ್ತಸ್ರಾವವನ್ನು ಕಡೆಗಣಿಸಬೇಡಿ.

ಈ ಲೇಖನ ಮಾಹಿತಿಗಾಗಿ ಮಾತ್ರ. ಚಿಕಿತ್ಸೆ ಅಥವಾ ಔಷಧದಲ್ಲಿ ಯಾವುದೇ ಬದಲಾವಣೆಗೆ ಮುನ್ನ ನಿಮ್ಮ ವೈದ್ಯರನ್ನು ಕೇಳಿ.